ಕಂಬಗಳಿಲ್ಲದ ಗ್ರಂಥಾಲಯ

ಏಳನೆಯ ಕಂತು

ಅಕ್ಕ ನೆಲದ ಮೇಲೆ ಅಂಗಾತ ಮಲಗಿದ್ದಳು.

ಗ್ರಂಥಾಲಯದ ಪುಸ್ತಕ ಭಂಡಾರದ ಕೆಳಮಹಡಿ ಅದು. ಬೆನ್ನಿಗೆ ತಣ್ಣನೆಯ ಕಲ್ಲು, ಕೂದಲಿಗೆಲ್ಲ ಸುಣ್ಣದ ಪುಡಿ. ಆದರೂ ಏಳುವ ಮನಸ್ಸಾಗಲಿಲ್ಲ. ಚಾವಣಿ ಇರಬೇಕಾದ ಕಡೆ ದಪ್ಪ ಗಾಜಿನ ಹಲಗೆಗಳಿದ್ದವು. ಗಾಜಿನ ಮೇಲೊಂದು ಮಹಡಿ. ಅದರ ಚಾವಣಿಯೂ ಗಾಜು. ಅದರ ಮೇಲೆ ಮತ್ತೊಂದು. ಎಲ್ಲಕ್ಕೂ ಮೇಲಿನ ಮಾಡಿನ ಕಿಂಡಿಗಳಿಂದ ಬಿದ್ದ ಬಿಸಿಲು ಮಹಡಿಯಿಂದ ಮಹಡಿಗೆ ಸೋಸಿಕೊಂಡು, ಇಳಿದಷ್ಟೂ ಹಸಿರಾಗುತ್ತ, ಕೊನೆಗೆ ಅವಳ ಮುಖದ ಮೇಲೆ ಬಂದು ಕೂತಿತ್ತು. ಬಾವಿಯ ತಳದಲ್ಲಿ ಮಲಗಿ ಆಕಾಶ ನೋಡಿದ ಹಾಗೆ. ಈ ಬಾವಿಗೆ ಸುತ್ತಲೂ ಪುಸ್ತಕದ ಗೋಡೆ, ಅಷ್ಟೆ.

“ಮಲಗೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ?”

ತಲೆಯ ಬಳಿ ತಂಗಿಯ ಬೂಟುಗಳು ಬಂದು ನಿಂತವು.

“ಸುಮ್ನಿರೇ ಪುಟ್ಟಿ. ಯೋಚನೆ ಮಾಡ್ತಿದೀನಿ.”

“ನೀನು ಮಲಗಿ ಯೋಚನೆ ಮಾಡೋದು ನಂಗೆ ಚಿಕ್ಕಂದಿನಿಂದ ಗೊತ್ತು. ಐದು ನಿಮಿಷಕ್ಕೆ ಗೊರಕೆ.”

ಹಾಸ್ಯ ಮಾಡಿದಳೇ ಹೊರತು ತಂಗಿಯ ದನಿಯಲ್ಲಿ ಜೀವವಿರಲಿಲ್ಲ. ನಿನ್ನೆ ಬೆಳಿಗ್ಗೆ ಈ ಭಂಡಾರದ ಒಂದು ಮೂಲೆ ಕುಸಿದು ಕಂಟ್ರಾಕ್ಟರ ಕಡೆಯ ಮೇಸ್ತ್ರಿ ಅದರಡಿ ಸಿಕ್ಕಿಬಿದ್ದಿದ್ದ; ಇನ್ನೂ ಎಚ್ಚರವಾಗಿರಲಿಲ್ಲ. ನವೀಕರಣದ ನಕ್ಷೆ ಬರೆದ ವಾಸ್ತುಶಿಲ್ಪಿ ತಂಗಿಯೇ. ಬೇರೆ ಯಾರ ಕೈವಾಡವೂ ಕಾಣದಿದ್ದರೆ ಸಂಜೆ ಅವಳನ್ನು ಠಾಣೆಗೆ ಕರೆದೊಯ್ಯುವುದಾಗಿ ಇನ್‌ಸ್ಪೆಕ್ಟರ್ ಹೇಳಿಹೋಗಿದ್ದರು. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಗೆ ಇಳಿದ ಅಕ್ಕನ ಮೇಲೆ ಅವರಿಗೆ ಹಳೆಯ ಗೌರವ. ಅದಕ್ಕೇ ಒಂದು ಹಗಲಿನ ಅವಕಾಶ. ಅಂದಹಾಗೆ ಊರಿಗೆಲ್ಲ ಅವಳು ಅಕ್ಕನೇ. ಅವಳು ಹಿಡಿದುಕೊಟ್ಟವರು ಕೂಡ ಹಾಗೇ ಕರೆಯುತ್ತಿದ್ದರು.

“ಪುಟ್ಟಿ, ಈ ಭಂಡಾರದ ಕಂಬ ಎಲ್ಲಿ?”

“ಇಲ್ಲ.”

“ಇಲ್ಲ ಅಂದ್ರೆ?”

“ಮೊದಲನೇ ಸಲ ಬಂದಾಗ ನಾನು ಕುಣಿದಾಡಿದ್ದೇ ಅದಕ್ಕೆ. ಇಷ್ಟು ದೊಡ್ಡ ಹಾಲು, ನಡುವೆ ಒಂದು ಕಂಬ ಇಲ್ಲ. ರ‍್ಯಾಕುಗಳನ್ನ ತೆಗೆದ್ರೆ ಬಯಲು ಅಂದ್ಕೊಂಡೆ.” ತಂಗಿ ಪಕ್ಕದಲ್ಲೇ ಕೂತಳು. “ಈ ಕಡೆ ಮಕ್ಕಳು ಬೋರಲು ಬಿದ್ದು ಓದೋ ಜಾಗ. ಕಿಟಕಿನ ನೆಲದವರೆಗೂ ಇಳಿಸೋದು. ಅಲ್ಲಿ ಗಾಲಿಕುರ್ಚಿ ಹತ್ತೋ ಇಳಿಜಾರು. ಆ ಮೂಲೇಲಿ ಕಣ್ಣು ಕಾಣದೋರಿಗೆ ಕೇಳೋ ಕೋಣೆ. ಮೇಲೆ, ಕೆಲಸ ಹುಡುಕೋರಿಗೆ ಕಂಪ್ಯೂಟರು. ಗಟ್ಟಿಯಾಗಿ ಮಾತಾಡಬಹುದಾದ ಒಂದು ದೊಡ್ಡ ಮೇಜು. ಕೈಯಲ್ಲಿ ಕಾಸಿಲ್ದೆ ಹೋಗಿ ಕೂತ್ಕೊಬಹುದಾದ ಜಾಗ ಊರಲ್ಲಿ ಇನ್ನೆಲ್ಲಿದೆ ಹೇಳು?”

ಅಕ್ಕ ಕೇಳಿಸಿಕೊಳ್ಳುತ್ತಿದ್ದಳು, ಕಣ್ಣು ಮಾತ್ರ ಮೇಲೆಯೇ ಇತ್ತು.

“ಕಂಬ ಇಲ್ಲ. ಗೋಡೆಯಿಂದ ಗೋಡೆಗೆ ತೊಲೆನೂ ಕಾಣಲ್ಲ. ಮತ್ತೆ ಇಷ್ಟೊಂದು ಗಾಜು, ಇಷ್ಟೊಂದು ಪುಸ್ತಕ ಯಾವುದರ ಮೇಲೆ ನಿಂತಿದೆ?”

ತಂಗಿ ಅವಳನ್ನೇ ನೋಡುತ್ತಿದ್ದಳು.

ಅಕ್ಕ ಪಕ್ಕದ ರ‍್ಯಾಕಿನ ನಿಲುವನ್ನು, ನೆಟ್ಟಗೆ ನಿಂತ ಕಬ್ಬಿಣದ ಕಂಬಿಯನ್ನು, ಹಿಡಿದು ಎದ್ದು ಕೂತಳು. ಕೈಮಣಿಕಟ್ಟಿನಷ್ಟೇ ದಪ್ಪ. ಕಣ್ಣು ಆ ನಿಲುವಿನ ಜಾಡು ಹಿಡಿದು ಮೇಲೇರಿತು. ಗಾಜಿನ ಹಲಗೆ ಮುಟ್ಟಿದಲ್ಲಿ ಅದು ಮುಗಿಯಲಿಲ್ಲ. ಬೋಲ್ಟು ಹಾಕಿದ ಒಂದು ಗಂಟು, ಅದರಾಚೆ ಅದೇ ನಿಲುವು ಮುಂದಿನ ಮಹಡಿಯ ರ‍್ಯಾಕಾಗಿ ಬೆಳೆದಿತ್ತು. ಮತ್ತೆ ಗಂಟು, ಮತ್ತೆ ರ‍್ಯಾಕು. ಹಾಗೇ ಮಾಡಿನವರೆಗೆ. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ. ಎಲ್ಲವೂ.

ಅವಳ ತೋಳಿನ ರೋಮ ಎದ್ದು ನಿಂತವು.

ರ‍್ಯಾಕುಗಳು ಮಹಡಿಗಳ ಮೇಲೆ ನಿಂತಿರಲಿಲ್ಲ. ಮಹಡಿಗಳು ರ‍್ಯಾಕುಗಳಿಗೆ ಜೋತುಬಿದ್ದಿದ್ದವು. ಮಾಡು, ಗಾಜು, ಬಿಸಿಲು, ಜನ ಓಡಾಡುವ ಹಾದಿ, ಎಲ್ಲದರ ಭಾರವನ್ನೂ ಈ ಪುಸ್ತಕದ ಗೂಡುಗಳು ಹೊತ್ತುಕೊಂಡಿದ್ದವು. ಅಜ್ಜಂದಿರ ಕಾಲದಿಂದ ಊರಿನವರು ಇಲ್ಲಿ ಬಂದು ಪುಸ್ತಕ ಎಳೆದುಕೊಂಡು ಹೋಗಿದ್ದಾರೆ, ತಂದು ತುರುಕಿದ್ದಾರೆ. ತಾವು ಕೈಯಾಡಿಸುತ್ತಿರುವುದು ಕಟ್ಟಡದ ಪಕ್ಕೆಲುಬಿನ ಸಂದಿಯಲ್ಲಿ ಎಂದು ಒಬ್ಬರಿಗೂ ಅನ್ನಿಸಿರಲಾರದು.

“ಎಂಥ ತಲೆ ಇರಬೇಕು ಇದನ್ನ ಕಟ್ಟಿದೋನಿಗೆ,” ಎಂದಳು ಅಕ್ಕ, ತನಗೇ ಕೇಳಿಸದಷ್ಟು ಮೆಲ್ಲಗೆ.

ತಂಗಿ ನಿಲುವಿಗೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದಳು. ಕೆನ್ನೆ ಒದ್ದೆಯಾಗಿತ್ತು.

ಅಳಲು ಕಾರಣವಿತ್ತು. ನಕ್ಷೆ ಬರೆಯುವವರದ್ದೊಂದು ಪದ್ಧತಿ: ಗೋಡೆ, ಕಂಬ, ತೊಲೆಗೆ ದಪ್ಪ ಗೆರೆ, ಎತ್ತಿ ಆಚೆ ಇಡಬಹುದಾದ ಮೇಜು, ಕುರ್ಚಿ, ಬೆಂಚು, ಕಪಾಟಿಗೆ ತೆಳು ಗೆರೆ. ತಂಗಿಯ ನಕ್ಷೆಯಲ್ಲಿ ಈ ರ‍್ಯಾಕುಗಳೆಲ್ಲ ತೆಳು ಗೆರೆಯಲ್ಲಿದ್ದವು. ಒಂದು ಕಟ್ಟಡದ ಅಸ್ಥಿಪಂಜರವನ್ನೇ ಅವಳು ಪೀಠೋಪಕರಣ ಎಂದು ಬರೆದಿದ್ದಳು. ತೆಗೆದುಹಾಕುವುದು ಎಂದು ಪಕ್ಕದಲ್ಲಿ ಸೂಚನೆ ಬೇರೆ.

“ಇನ್‌ಸ್ಪೆಕ್ಟರ್‌ಗೆ ಇಷ್ಟು ಸಾಕಲ್ವಾ?” ಎಂದಳು ತಂಗಿ. “ನಕ್ಷೆ ನಂದು, ತಪ್ಪು ನಂದು.”

“ಕೆಲಸ ಶುರುವಾಗಬೇಕಿದ್ದಿದ್ದು ಮುಂದಿನ ತಿಂಗಳು. ಮತ್ತೆ ರ‍್ಯಾಕು ನಿನ್ನೆ ಹೇಗೆ ಕುಸೀತು? ಮೂಗು ಒರೆಸ್ಕೊಂಡು ಬಾ ಇಲ್ಲಿ.”

ಕುಸಿದ ಮೂಲೆಗೆ ಪೊಲೀಸರು ಹಗ್ಗ ಕಟ್ಟಿದ್ದರು. ಅಕ್ಕ ಅದರಡಿ ನುಸುಳಿದಳು. ಸೊಟ್ಟಗಾದ ನಿಲುವುಗಳು, ಒಡೆದ ಗಾಜು, ಧೂಳು. ಅವಳು ಒಂದು ನಿಲುವಿನ ತುದಿಯನ್ನು ಟಾರ್ಚಿನ ಬೆಳಕಿಗೆ ಹಿಡಿದಳು.

“ಈ ಬೋಲ್ಟಿನ ತೂತು ನೋಡು. ಹೇಗಿದೆ?”

“ಗುಂಡಗಿದೆ.”

“ಬೋಲ್ಟು ಇದ್ದಾಗ ಕುಸಿದಿದ್ರೆ?”

“ಎಳೆದು ಹರೀಬೇಕಿತ್ತು. ಇಲ್ಲಾ ಬೋಲ್ಟೇ ತುಂಡಾಗಬೇಕಿತ್ತು.” ತಂಗಿ ತೂತಿನ ಅಂಚಿಗೆ ಬೆರಳಾಡಿಸಿದಳು. “ಬೀಳೋ ಮುಂಚೆನೇ ಬಿಚ್ಚಿದಾರೆ.”

“ಪುಸ್ತಕ ಎಲ್ಲಿ? ಒಂದು ರ‍್ಯಾಕು ಬಿದ್ರೆ ರಾಶಿ ಪುಸ್ತಕ ಬೀಳಬೇಕು. ಇಲ್ಲಿ ಒಂದೂ ಇಲ್ಲ.”

ಪುಸ್ತಕಗಳು ಎದುರಿನ ಗೋಡೆಯ ಬುಡದಲ್ಲಿದ್ದವು. ಯಾರೋ ಮೊದಲೇ ಇಳಿಸಿ, ಸಾಲಾಗಿ, ಅಚ್ಚುಕಟ್ಟಾಗಿ ಜೋಡಿಸಿದ್ದರು. ಅಕ್ಕ ಅವುಗಳ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಳು. ಏನೋ ವಿಚಿತ್ರವಾಗಿತ್ತು. ಒಂದರ ಹೆಸರೂ ಓದಲು ಬರುತ್ತಿರಲಿಲ್ಲ. ಪ್ರತಿ ಪುಸ್ತಕವನ್ನೂ ಹೆಸರಿರುವ ಬೆನ್ನು ನೆಲಕ್ಕೆ ಮಾಡಿ, ಹಾಳೆ ತೆರೆಯುವ ಬದಿ ಮೇಲೆ ಬರುವಂತೆ ನಿಲ್ಲಿಸಿದ್ದರು.

ಅವಳು ಒಂದು ತೋಳು ತುಂಬ ಪುಸ್ತಕ ಎತ್ತಿಕೊಂಡು ಹೊರಟಳು.

ಭಂಡಾರದ ಬಾಗಿಲಲ್ಲೇ ಕಂಟ್ರಾಕ್ಟರು ಸಿಕ್ಕಿದರು. ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದೆ ಆಗಾಗ ಎಳೆದುಕೊಳ್ಳುವ ಮನುಷ್ಯ. ನವೀಕರಣಕ್ಕಿಂತ ಕೆಡವಿ ಹೊಸದಾಗಿ ಕಟ್ಟುವುದೇ ಲೇಸು ಎಂದು ಮೊದಲಿನಿಂದ ವಾದಿಸಿದವರು.

“ನೋಡಿ ಅಕ್ಕ, ನಾನು ಆವತ್ತೇ ಹೇಳಿದೆ. ಮುದುಕಿಗೆ ಎಷ್ಟು ಪೌಡರ್ ಬಳಿದ್ರೂ ಅಷ್ಟೇ ಅಂತ. ನಿಮ್ಮ ತಂಗಿ ಕೇಳ್ಬೇಕಲ್ಲ.”

“ನಿಮ್ಮ ಮೇಸ್ತ್ರಿ ಒಳಗೆ ಯಾಕೆ ಹೋಗಿದ್ದ?”

“ಆಣೆಗೂ ಗೊತ್ತಿಲ್ಲ. ಈ ಹಾಲಿನ ಕೆಲಸ ಶುರುನೇ ಆಗಿಲ್ಲ. ನಾನಾಗ್ಲಿ ನಮ್ಮೋರಾಗ್ಲಿ ಇದರೊಳಗೆ ಕಾಲೇ ಇಟ್ಟಿಲ್ಲ.”

“ಸರಿ, ಇದನ್ನ ಸ್ವಲ್ಪ ಹಿಡೀರಿ. ಆ ಬೆಂಚಿನ ಮೇಲೆ ನಿಲ್ಲಿಸಿ.”

ಕಂಟ್ರಾಕ್ಟರು ಗೊಣಗುತ್ತ ಪುಸ್ತಕಗಳನ್ನು ನಿಲ್ಲಿಸಿದರು. ಬೆನ್ನು ಮೇಲೆ, ಹೆಸರು ಕಾಣುವಂತೆ. ಯಾರಾದರೂ ಹಾಗೇ ನಿಲ್ಲಿಸುತ್ತಾರೆ. ಅಕ್ಕನಿಗೆ ಒಳಗೊಳಗೇ ಮಿಂಚು ಹೊಡೆದಂತಾಯಿತು. ಪುಸ್ತಕ ಇಳಿಸಿದವನು ಈತನಲ್ಲ.

“ಮೇಲಿನ ಮಹಡಿಲಿ ನನ್ನ ಸ್ಪ್ಯಾನರ್ ಪೆಟ್ಟಿಗೆ ಉಳಿದಿದೆ. ತಂದುಬಿಡ್ಲಾ?” ಎಂದರು ಕಂಟ್ರಾಕ್ಟರು.

“ಹೂಂ, ಹೋಗಿ,” ಎಂದಳು ಅಕ್ಕ. ಅವಳ ತಲೆ ತುಂಬ ಪುಸ್ತಕದ ಬೆನ್ನುಗಳೇ ಇದ್ದವು. ಆಗಲೇ ಪುಸ್ತಕಗಳನ್ನು ಮತ್ತೆ ತೋಳು ತುಂಬಿಕೊಂಡು ಓದುವ ಕೋಣೆಯತ್ತ ನಡೆದಾಗಿತ್ತು.

ಓದುವ ಕೋಣೆಯನ್ನು ಇನ್ನೂ ಮುಚ್ಚಿರಲಿಲ್ಲ. ಪತ್ರಿಕೆ ಹಿಡಿದ ಇಬ್ಬರು ಮುದುಕರು, ಪರೀಕ್ಷೆಗೆ ಓದುವ ಒಬ್ಬ ಹುಡುಗಿ, ಮಡಿಲಲ್ಲಿ ಮಗು ಮಲಗಿಸಿಕೊಂಡು ಕಾದಂಬರಿಯಲ್ಲಿ ಮುಳುಗಿದ ಒಬ್ಬ ತಾಯಿ. ಎತ್ತರದ ಮೇಜಿನ ಹಿಂದೆ ಉಪಗ್ರಂಥಪಾಲಕರು. ಯಾರಾದರೂ ಕೆಮ್ಮಿದರೂ ಬೆರಳು ತುಟಿಗೆ ಇಡುವ ಅವರಿಗೆ ಓದುಗರು ಇಟ್ಟ ಹೆಸರು ಶ್ಶ್ ಮೇಷ್ಟ್ರು.

ಅಕ್ಕ ಪುಸ್ತಕಗಳನ್ನು ಅವರ ಮುಂದೆ ಅಡ್ಡಾದಿಡ್ಡಿ ಸುರಿದಳು. ಶ್ಶ್ ಮೇಷ್ಟ್ರ ಮುಖದಲ್ಲಿ ನೋವು ಕಾಣಿಸಿತು. ಏನೂ ಕೇಳದೆ, ಕೈ ತಾನಾಗಿ ಓಡಿ, ಒಂದೊಂದನ್ನೇ ಎತ್ತಿ ಸಾಲಾಗಿ ನಿಲ್ಲಿಸಿತು. ಬೆನ್ನು ಕೆಳಗೆ.

“ಹೀಗೆ ಯಾಕೆ ಮೇಷ್ಟ್ರೇ? ಹೆಸರೇ ಕಾಣಲ್ವಲ್ಲ.”

“ಹೆಸರು ಕಾಣಲಿ ಅಂತ ಬೆನ್ನು ಮೇಲೆ ಮಾಡಿಟ್ರೆ ಹಾಳೆಗಳ ಭಾರ ಪೂರ್ತಿ ಹೊಲಿಗೆಗೆ ಜೋತುಬೀಳುತ್ತೆ. ಸ್ವಲ್ಪ ದಿನಕ್ಕೆ ಒಳಗಿನ ಪುಸ್ತಕ ರಟ್ಟಿನಿಂದ ಕಿತ್ತು ಬರುತ್ತೆ. ನಮ್ಮ ಕೆಲಸದೋರು ಯಾರೂ ಹಾಗೆ ಇಡಲ್ಲ.” ಅವರ ದನಿಯಲ್ಲಿ ಹೆಮ್ಮೆ ತುಂಬಿತ್ತು. “ಜನಕ್ಕೆ ಇಷ್ಟೂ ತಿಳಿಯಲ್ಲ.”

“ನನಗೂ ತಿಳಿದಿರ್ಲಿಲ್ಲ. ಈಗ ತಿಳೀತು.” ಅಕ್ಕ ಮೇಜಿನ ಮೇಲೆ ಎರಡೂ ಮೊಣಕೈ ಊರಿದಳು. “ಬಿದ್ದ ರ‍್ಯಾಕಿನ ಪುಸ್ತಕ ಎಲ್ಲ ಹೀಗೇ ನಿಂತಿವೆ. ಬೆನ್ನು ಕೆಳಗೆ. ರ‍್ಯಾಕು ಬೀಳುತ್ತೆ ಅಂತ ಗೊತ್ತಿದ್ದೋರು ಯಾರೋ ಮೊದಲೇ ಬಂದು ಪುಸ್ತಕ ಉಳಿಸಿದಾರೆ. ಮೇಸ್ತ್ರಿನ ಉಳಿಸಿಲ್ಲ.”

ಶ್ಶ್ ಮೇಷ್ಟ್ರ ಕೈ ಒಂದು ಪುಸ್ತಕದ ಮೇಲೆ ನಿಂತುಬಿಟ್ಟಿತು.

“ನವೀಕರಣ ನಿಮಗೆ ಬೇಡವಾಗಿತ್ತು,” ಎಂದಳು ಅಕ್ಕ. “ಮಾತಾಡೋ ಮೇಜು ಬರುತ್ತೆ ಅಂದಾಗ ಸಭೆಯಿಂದ ಎದ್ದುಹೋಗಿದ್ರಂತೆ.”

“ಹೋಗಿದ್ದೆ. ಇದು ಸಂತೆ ಅಲ್ಲ. ಇಲ್ಲಿಗೆ ಮೌನ ಹುಡುಕ್ಕೊಂಡು ಬರೋರಿದಾರೆ. ಆ ಮಗುವಿನ ತಾಯಿನ ನೋಡಿ. ಮನೇಲಿ ಅವಳಿಗೆ ಹೀಗೆ ಒಂದು ಗಂಟೆ ಯಾರಾದ್ರೂ ಕೊಡ್ತಾರಾ?” ಅವರು ಕನ್ನಡಕ ತೆಗೆದು ಒರೆಸಿದರು. “ಪುಸ್ತಕ ಇಳಿಸಿದ್ದು ನಾನೇ. ಆದರೆ ಬೀಳುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಇಳಿಸಿ ಅಂದ್ರು, ಇಳಿಸ್ದೆ.”

“ಯಾರು ಅಂದಿದ್ದು?”

ಅವರು ಅಕ್ಕನ ಭುಜದಾಚೆ ನೋಡಿದರು. ಬಾಗಿಲಲ್ಲಿ ತಂಗಿ ನಿಂತಿದ್ದಳು.

“ಇವರೇ. ರ‍್ಯಾಕು ಬೀಳೋ ಹಿಂದಿನ ದಿನ. ಯಾರಿಗೂ ಹೇಳಬೇಡಿ ಅಂತಾನೂ ಅಂದ್ರು.”

ಅಕ್ಕ ನಿಧಾನವಾಗಿ ತಿರುಗಿದಳು. ಎಷ್ಟೋ ಅಪರಿಚಿತರ ಮುಖದಲ್ಲಿ ನೋಡಿದ್ದ ಒಂದು ಬಣ್ಣವನ್ನು ಮೊದಲ ಬಾರಿಗೆ ತನ್ನ ಮನೆಯ ಮುಖದಲ್ಲಿ ನೋಡಿದಳು.

“ಪುಟ್ಟಿ.”

“ಹೌದಕ್ಕ.”

“ರ‍್ಯಾಕೇ ಕಂಬ ಅಂತ ನಿಂಗೆ ಗೊತ್ತಿತ್ತು. ನಾನು ನೆಲದ ಮೇಲೆ ಬಿದ್ದುಕೊಂಡು ಕಂಡುಹಿಡಿದೆ ಅಂತ ಬೀಗ್ತಿದ್ದೆ. ನೀನು ಸುಮ್ನೆ ನೋಡ್ತಿದ್ದೆ.”

“ಅನುಮಾನ ಬಂದಿತ್ತು. ಪುಸ್ತಕ ಇರೋವರೆಗೂ ಗಂಟು ಬಿಚ್ಚಿ ನೋಡೋಕಾಗಲ್ಲ, ಅದಕ್ಕೇ ಇಳಿಸೋಕೆ ಹೇಳ್ದೆ. ಒಂದು ಬೋಲ್ಟು ಬಿಚ್ಚಿದೆ. ಒಂದೇ ಒಂದು.” ತಂಗಿಯ ಮಾತು ತಡವರಿಸಲಿಲ್ಲ. ಕಣ್ಣಲ್ಲಿ ಬೇರೊಂದು ಹೊಳಪಿತ್ತು. “ಒಳಗೆ ಟಾರ್ಚು ಬಿಟ್ಟಾಗ ಆ ಕಬ್ಬಿಣ ಒಂದರೊಳಗೊಂದು ಕೂತು ಮೇಲಕ್ಕೆ ಹೋಗ್ತಾನೇ ಇತ್ತು, ಅಕ್ಕ. ನನಗೆ ಉಸಿರೇ ನಿಂತುಹೋಯ್ತು. ನಾನು ಕಲಿತಿದ್ದೆಲ್ಲ ಆಟ ಅನ್ನಿಸ್ತು. ಬೋಲ್ಟು ಹಾಕಿ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಿಗಿ ಮಾಡ್ದೆ. ಮನೆಗೆ ಹೋಗಿ ನಕ್ಷೆ ಪೂರ್ತಿ ಅಳಿಸ್ದೆ. ರ‍್ಯಾಕು ಯಾಕೆ ತೆಗೀಬೇಕು? ಅರ್ಧ ಪುಸ್ತಕ ಬೇರೆ ಕಡೆ ಸಾಗಿಸಿದ್ರೆ ಸಾಕು. ಪುಸ್ತಕ ಇದ್ದ ಗೂಡಲ್ಲಿ ಜನ ಕೂರ್ತಾರೆ. ಗಾಜಿನ ಬೆಳಕಲ್ಲಿ, ಮಹಡಿ ಮಹಡಿಲೂ. ಮೌನ ಬೇಕಾದೋರು ಮೇಲೆ, ಮಾತು ಬೇಕಾದೋರು ಕೆಳಗೆ.”

ಶ್ಶ್ ಮೇಷ್ಟ್ರು ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತು ಅವಳನ್ನು ನೋಡುತ್ತಿದ್ದರು.

“ಮಾರನೇ ಬೆಳಿಗ್ಗೆ ಹೊಸ ನಕ್ಷೆ ತಗೊಂಡು ಬಂದೆ. ಬರೋಷ್ಟರಲ್ಲಿ ಬಿದ್ದಿತ್ತು.”

“ನನ್ಹತ್ರ ಯಾಕೆ ಮುಚ್ಚಿಟ್ಟೆ?”

“ಬಿಚ್ಚಿದ್ದು ಒಪ್ಕೊಂಡ್ರೆ ಬಿಗಿ ಮಾಡಿದ್ದನ್ನ ಯಾರು ನಂಬ್ತಾರೆ? ನೀನು ನಂಬ್ತೀಯಾ?”

ಅಕ್ಕನನ್ನು ಪೊಲೀಸ್ ಬುದ್ಧಿ ಒಂದು ಕಡೆ ಎಳೆಯಿತು, ಎತ್ತಿ ಆಡಿಸಿದ ಕೈ ಇನ್ನೊಂದು ಕಡೆ.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಒಳಗೆ ಬಂದರು. ಸಂಜೆಗಿಂತ ಬಹಳ ಮುಂಚೆ. ಟೋಪಿ ಕೈಯಲ್ಲಿತ್ತು.

“ಮೇಸ್ತ್ರಿಗೆ ಎಚ್ಚರ ಆಯ್ತು,” ಎಂದರು. “ನಾವು ಅಂದ್ಕೊಂಡ ಹಾಗಿಲ್ಲ, ಅಕ್ಕ. ಅವನು ನಕ್ಷೆ ನೋಡಿ ಬೋಲ್ಟು ಬಿಚ್ಚೋಕೆ ಹೋಗಿರ್ಲಿಲ್ಲ. ಯಾರೋ ಬಿಚ್ಚಿದ್ದು ಕಣ್ಣಿಗೆ ಬಿದ್ದು ಬಿಗಿ ಮಾಡೋಕೆ ಹೋಗಿದ್ದ.”

“ಯಾರು ಬಿಚ್ಚಿದ್ದಂತೆ?”

“ಅಷ್ಟು ಮಾತಾಡೋ ತ್ರಾಣ ಇಲ್ಲ. ಬಿಗಿ ಮಾಡೋದು ಇನ್ನೂ ಎರಡು ಸಾಲು ಬಾಕಿ ಇದೆ ಅಂತಾನೆ. ಅದನ್ನೇ ಹೇಳ್ತಾನೆ, ಮತ್ತೆ ಮಂಪರು.”

ತಂಗಿಯ ಮುಖದಿಂದ ರಕ್ತ ಇಳಿದುಹೋಯಿತು.

“ಇನ್ನೊಂದು ಸಾಲು ಹೋದ್ರೆ ಮಾಡು ನಿಲ್ಲಲ್ಲ,” ಎಂದಳು. “ಈ ಕೋಣೆ ಗೋಡೆಗೂ ಅದೇ ಆಸರೆ. ಮೇಷ್ಟ್ರೇ, ಎಲ್ಲರನ್ನೂ ಹೊರಗೆ ಕಳಿಸಿ. ಓಡಬೇಡಿ ಅನ್ನಿ. ಒಳಗೆ ಯಾರಾದ್ರೂ ಇದಾರಾ ಈಗ?”

ಶ್ಶ್ ಮೇಷ್ಟ್ರು ಎದ್ದು ಓದುಗರ ಭುಜ ಮುಟ್ಟಿ ಎಬ್ಬಿಸತೊಡಗಿದರು. ತಾಯಿ ಮಗುವನ್ನು ಅವಚಿಕೊಂಡು, ಕಾದಂಬರಿಯಲ್ಲಿ ಬೆರಳು ಇಟ್ಟುಕೊಂಡೇ ಹೊರನಡೆದಳು.

ಅಕ್ಕ ಮಾತ್ರ ಕಲ್ಲಿನಂತೆ ನಿಂತಿದ್ದಳು.

“ಕಂಟ್ರಾಕ್ಟರು,” ಎಂದಳು. “ಮೇಲೆ ಹೋಗಿದಾರೆ. ಸ್ಪ್ಯಾನರ್ ಪೆಟ್ಟಿಗೆ ತರ್ತೀನಿ ಅಂದ್ರು, ನಾನು ಹೂಂ ಅಂದೆ. ಈ ಹಾಲಿಗೆ ಕಾಲೇ ಇಟ್ಟಿಲ್ಲ ಅಂದ ಮನುಷ್ಯನ ಪೆಟ್ಟಿಗೆ ಮೇಲಿನ ಮಹಡಿಲಿ ಹೇಗೆ ಬಂತು?”

ತಂಗಿ ಆಗಲೇ ಹೊರಟಿದ್ದಳು. ಇನ್‌ಸ್ಪೆಕ್ಟರ್ ಅಡ್ಡ ಕೈ ಚಾಚಿದರು.

“ನೀವು ಎಲ್ಲೂ ಹೋಗೋ ಹಾಗಿಲ್ಲಮ್ಮ.”

“ಯಾವ ನಿಲುವಿಗೆ ಭಾರ ಹೋಗ್ತಿದೆ, ಎಲ್ಲಿ ಕಾಲಿಡಬಾರದು ಅಂತ ನಿಮ್ಮಲ್ಲಿ ಯಾರಿಗೆ ಗೊತ್ತು ಸಾರ್?”

ಇನ್‌ಸ್ಪೆಕ್ಟರ್ ಅಕ್ಕನ ಮುಖ ನೋಡಿದರು. ಒಂದು ಬೋಲ್ಟು ಬಿಚ್ಚಿದ್ದನ್ನು ಇಡೀ ದಿನ ಮುಚ್ಚಿಟ್ಟ ತಂಗಿ. ಈಗ ಒಳಗೆ ಬಿಟ್ಟರೆ ಸಾಕ್ಷಿ ಅಳಿಸಬಹುದು, ಇಲ್ಲವೇ ತಾನೇ ಅಳಿಯಬಹುದು. ಎರಡೂ ಅಕ್ಕನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

“ಬಿಡಿ ಅವಳನ್ನ,” ಎಂದಳು. “ನಾನು ನಂಬ್ತೀನಿ.”

ಭಂಡಾರದ ಹೊಸ್ತಿಲಲ್ಲಿ ತಂಗಿ ಬೂಟು ಬಿಚ್ಚಿ ಬರಿಗಾಲಲ್ಲಿ ಒಳಗೆ ಹೋದಳು. ಹಿಂದೆ ಬರಬೇಡಿ ಎಂದು ಕೈ ಮಾಡಿದಳು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಎಲ್ಲ ಮಹಡಿಗಳ ಗಾಜೂ ಒಟ್ಟಿಗೇ ಹೊತ್ತಿಕೊಂಡು, ಪುಸ್ತಕಗಳ ನಡುವೆ ಹಸಿರು ಬೆಳಕು ನೀರಿನಂತೆ ತುಂಬಿ ನಿಂತಿತ್ತು. ಅದರ ನಡುವೆ ಅವಳು ಇರುವೆಯಷ್ಟು ಸಣ್ಣವಳಾಗಿ ಕಂಡಳು. ಅಷ್ಟು ದೊಡ್ಡದನ್ನು, ಅಷ್ಟು ಹಗುರಾಗಿ, ಅಷ್ಟು ತೆಳುವಾದ ಕಬ್ಬಿಣದ ಕಡ್ಡಿಗಳು ಎತ್ತಿ ಹಿಡಿದಿದ್ದವು. ಇನ್‌ಸ್ಪೆಕ್ಟರ್ ಕೂಡ ತಲೆಯೆತ್ತಿ ನೋಡುತ್ತ ಏನು ಹೇಳಬೇಕೆಂದಿದ್ದರೋ ಮರೆತರು.

ತಂಗಿ ಒಂದು ನಿಲುವಿಗೆ ಕಿವಿ ಆನಿಸಿದಳು. ಮತ್ತೊಂದಕ್ಕೆ. ಮೂರನೆಯದಕ್ಕೆ ಆನಿಸಿದವಳು ಅಲ್ಲಾಡಲಿಲ್ಲ.

“ಮೇಲೆ ಸ್ಪ್ಯಾನರ್ ಆಡ್ತಿದೆ,” ಎಂದಳು. ದನಿ ಏರಿಸಲಿಲ್ಲ. ಆ ಹಾಲಿನಲ್ಲಿ ಅದು ಅಕ್ಕನ ಕಿವಿಗೇ ಬಂದು ಮುಟ್ಟಿತು.

“ಬಿಗಿ ಮಾಡ್ತಿದಾರಾ?”

“ಬಿಗಿ ಮಾಡೋವಾಗ ತಿರುವಿದಷ್ಟೂ ನಿಧಾನ ಆಗುತ್ತೆ, ಅಕ್ಕ.” ತಂಗಿ ನಿಲುವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. “ಇದು ಬೇಗ ಬೇಗ ಆಗ್ತಿದೆ.”